ಕೊನೆಯ ಮನೆಯ ಗಂಟೆ

ನನ್ನ ಗಂಡನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ಕಲಿತದ್ದೆಲ್ಲ ಸೊಲ್ಲಾಪುರದ ಮರಾಠಿ ಶಾಲೆಯಲ್ಲಿ. ನಾನು ಅಕ್ಕಲಕೋಟದ ಕನ್ನಡ ಶಾಲೆಯವಳು. ಆದ್ದರಿಂದ ಇಲ್ಲಿ ಅವರ ಬಗ್ಗೆ ಏನು ಬರೆದರೂ ನನಗೆ ಭಯವಿಲ್ಲ. ಯಾರಾದರೂ ಓದಿ ಹೇಳಿದರೆ ಹೇಳಲಿ, ಸುಳ್ಳಂತೂ ಬರೆಯುತ್ತಿಲ್ಲ.

ಅವರ ಮನೆತನ ಸೊಲ್ಲಾಪುರದ ವ್ಯಾಪಾರಿಗಳದ್ದು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನೇಯ್ದ ಚಾದರು, ಟಾವೆಲುಗಳನ್ನು ತಂದು ಪೇಟೆಯ ಅಂಗಡಿಯಲ್ಲಿ ಮಾರುವುದು ಅಜ್ಜನ ಕಾಲದಿಂದ ನಡೆದುಬಂದ ಧಂದೆ. ನಮ್ಮದು ನೌಕರಿಯವರ ಮನೆ. ಅಪ್ಪ ತಹಶೀಲ್ ಕಚೇರಿಯಲ್ಲಿ ಕಾರಕೂನರು. ಮದುವೆಯಾದ ಹೊಸತರಲ್ಲಿ ಗಂಡ ಅಂಗಡಿಯ ಗಾದಿಯ ಮೇಲೆ ಕೂತದ್ದನ್ನು ನಾನು ನೋಡಿದ್ದೆ. ಗಿರಾಕಿಯ ಮುಂದೆ ಚಾದರು ಬಿಚ್ಚಿ ಹಾಸುವಾಗ ಅವರ ಮುಖ ತಡವಾದ ಬಸ್ಸಿಗೆ ಕಾಯುವವರ ಮುಖದ ಹಾಗೆ ಇತ್ತು. ಮನೆಗೆ ಬಂದು ಹಾಳಾದ ರೇಡಿಯೋ ಬಿಚ್ಚಿ ಕೂತರೆ ಮಾತ್ರ ಅದೇ ಮನುಷ್ಯ ಸಿಳ್ಳೆ ಹಾಕುತ್ತಿದ್ದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರನ್ನು ಚಾದರಿನ ಮಧ್ಯೆ ಕೂರಿಸಿದರೆ ಇನ್ನೇನಾಗುತ್ತದೆ?

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಮಾಳಿಗೆ ಮಾಳಿಗೆಯ ಮೇಲೆ ದೊಡ್ಡ ಡಿಶ್‌ಗಳು ಏಳತೊಡಗಿದ್ದವು. ಸೊಲ್ಲಾಪುರದ ಗಲ್ಲಿಗಳನ್ನೆಲ್ಲ ಯಾರಾರೋ ಆಗಲೇ ಹಂಚಿಕೊಂಡಿದ್ದರು. ಆದ್ದರಿಂದ ಇವರು ನನ್ನ ತವರೂರಿನಲ್ಲಿ ಕೇಬಲ್ ಟೀವಿ ಶುರುಮಾಡಿದರು. ಅಕ್ಕಲಕೋಟದಲ್ಲಿ ಒಂದು ಮನೆಯ ಮಾಳಿಗೆ ಬಾಡಿಗೆಗೆ ಹಿಡಿದು, ಮೇಲೆ ಡಿಶ್ ನಿಲ್ಲಿಸಿ, ಎರಡು ಕೋಣೆಗಳಲ್ಲಿ ಒಂದನ್ನು ಯಂತ್ರಗಳಿಗೆ ಕೊಟ್ಟು, ಇನ್ನೊಂದರಲ್ಲಿ ನಾವು ಸಂಸಾರ ಹೂಡಿದೆವು. ಸೊಲ್ಲಾಪುರದ ನೆಂಟರು ‘ಮನೆಅಳಿಯ ಆಗಿ ಹೋಗ್ಯಾನ’ ಎಂದು ನಕ್ಕರು. ನಗಲಿ ಎಂದು ಬಿಟ್ಟೆವು.

ಕೇಬಲ್ ಎಳೆಯುವುದು ಸುಲಭ. ಎಳೆದ ಮೇಲೆ ಕಾಯುವುದು ಕಷ್ಟ. ನಮ್ಮ ಕೋಣೆಯಿಂದ ಹೊರಡುವಾಗ ಚಿತ್ರ ಕನ್ನಡಿಯಂತೆ ಸ್ವಚ್ಛ ಇರುತ್ತದೆ. ತಂತಿ ದೂರ ಹೋದಂತೆ ಶಕ್ತಿ ಕುಂದುತ್ತದೆ. ಅಲ್ಲಲ್ಲಿ ಕಂಬಕ್ಕೆ ಬೂಸ್ಟರ್ ಡಬ್ಬಿ ಕಟ್ಟಿ ಅದಕ್ಕೆ ಮತ್ತೆ ಬಲ ತುಂಬಬೇಕು. ಮಳೆಗೆ ಜೋಡಣೆ ತುಕ್ಕು ಹಿಡಿದರೆ, ಕರೆಂಟಿನ ವೋಲ್ಟೇಜು ಇಳಿದರೆ ಸಾಲಿನ ಕೊನೆಯ ಮನೆಗಳಲ್ಲಿ ಪರದೆಯ ತುಂಬ ಬಿಳಿ ಚುಕ್ಕಿಗಳು. ಅದಕ್ಕೆ ನಮ್ಮಲ್ಲಿ ‘ಇರುವೆ ಬಂದಾವು’ ಎನ್ನುತ್ತಾರೆ. ಮೊದಮೊದಲು ನಮಗೆ ಇರುವೆ ಬಂದ ಸುದ್ದಿ ತಿಳಿಯುತ್ತಿದ್ದುದು ಯಾರಾದರೂ ಬಂದು ಬೈದಾಗ ಮಾತ್ರ.

ಬೈಯುವವರು ಎಷ್ಟು ಜನ ಇದ್ದಾರು? ನಮ್ಮ ಕಡೆ ಭಿಡೆ ಎಂಬ ಒಂದು ರೋಗವಿದೆ. ಎದುರಿನವರಿಗೆ ಎಲ್ಲಿ ಬೇಜಾರಾದೀತೋ ಎಂದು ತನ್ನ ತೊಂದರೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು. ‘ಪಾಪ, ಈಗ ಊಟಕ್ಕೆ ಕೂತಿರಬೇಕು’, ‘ಪಾಪ, ನಮ್ಮೂರ ಹುಡುಗಿಯ ಗಂಡ’ ಎಂದುಕೊಂಡು ಇರುವೆಗಳನ್ನೇ ನೋಡುತ್ತಾ ಕೂರುವವರು ಬಹಳ. ನನಗೆ ಆ ರೋಗ ಅಂಟಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಬಂದದ್ದನ್ನು ಅಲ್ಲೇ ಆಡಿಬಿಡುತ್ತೇನೆ. ಇದರಿಂದ ನನಗೆ ಒಳ್ಳೆಯ ಹೆಸರು ಬಂದಿಲ್ಲ, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಆ ವರ್ಷ ಮಳೆಗಾಲದ ಆರಂಭದಲ್ಲಿ ಮಾವನವರು ಸ್ವಾಮಿಗಳ ಮಠದ ದರ್ಶನಕ್ಕೆಂದು ಅಕ್ಕಲಕೋಟಕ್ಕೆ ಬಂದರು. ಬೀಗರ ಮನೆಗಳಿಗೆಲ್ಲ ಹೋಗಿ ಬಂದು, ಧಂದೆ ಹೇಗಿದೆ ಎಂದು ಕೇಳಿ, ‘ಛಲೋ ಅದ, ಛಲೋ ಅದ’ ಎಂದು ಸೊಲ್ಲಾಪುರದ ಬಸ್ಸು ಹತ್ತಿದರು. ವಾರ ಕಳೆಯುವುದರಲ್ಲಿ ಅವರ ಫೋನು ಬಂತು. ಗಂಡ ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದರು, ನನಗೂ ಕೇಳಿಸಿತು.

“ದೀಪಾವಳಿ ತನಕ ನೋಡು. ಮಂದಿ ಹೊಟ್ಟ್ಯಾಗ ಬೈಕೋತ ಕೂಡೋ ಧಂದೆ ನಮಗ ಬ್ಯಾಡ. ಸುಧಾರಿಸಲಿಲ್ಲ ಅಂದ್ರ ಡಿಶ್ ಬಿಚ್ಚಿ ಮಾರಿಬಿಡು. ಅಂಗಡಿ ಗಾದಿ ನಿನ್ನ ಸಲುವಾಗಿ ಖಾಲಿನ ಅದ.”

ಅವರು ಸಿಟ್ಟಿನಿಂದ ಹೇಳಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ನನ್ನ ಮಾವ ಕೂಗಾಡುವ ಮನುಷ್ಯರಲ್ಲ, ಒಮ್ಮೆ ಹೇಳಿದರೆ ಮುಗಿಯಿತು. ಗಂಡ ಫೋನು ಇಟ್ಟು ಯಂತ್ರದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ದಿನ ಸಿಳ್ಳೆ ಕೇಳಿಸಲಿಲ್ಲ. ಇವರು ಮತ್ತೆ ಆ ಗಾದಿಯ ಮೇಲೆ ಕೂತರೆ ಉಳಿದ ಆಯುಷ್ಯವೆಲ್ಲ ಬಸ್ಸಿಗೆ ಕಾದೇ ಕಳೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಆ ಮುಖದ ಎದುರು ನಾನೂ ಆಯುಷ್ಯ ಕಳೆಯಬೇಕಿತ್ತಲ್ಲ!

ಎರಡು ದಿನ ಕಳೆದ ಮೇಲೆ ಅವರ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಯಾರೋ ಬಂದು ಹೇಳುವವರೆಗೆ ಯಾಕೆ ಕಾಯಬೇಕು? ತಂತಿಯೇ ಹೇಳಲಿ. ಒಂದು ಸಣ್ಣ ಡಬ್ಬಿ ತಯಾರಿಸಿದರು. ಅದು ಕೇಬಲ್ಲಿನೊಳಗಿನ ಶಕ್ತಿಯನ್ನು ಅಳೆಯುತ್ತಲೇ ಇರುತ್ತದೆ. ಪಕ್ಕದಲ್ಲಿ ಒಂದು ಸ್ಕ್ರೂ. ಅದನ್ನು ತಿರುವಿ ಮಿತಿ ಗೊತ್ತುಮಾಡುವುದು. ಶಕ್ತಿ ಆ ಮಿತಿಗಿಂತ ಕೆಳಗೆ ಇಳಿದರೆ, ಕೇಬಲ್ಲಿನ ಜೊತೆಗೇ ಎಳೆದ ತೆಳ್ಳನೆಯ ಜೋಡಿತಂತಿಯ ಮೂಲಕ ನಮ್ಮ ಮನೆಯ ಗೋಡೆಗೆ ಹೊಡೆದ ಹಲಗೆಯ ಮೇಲೆ ಆ ಸಾಲಿನ ಗಂಟೆ ಬಾರಿಸುತ್ತದೆ. ಇಂಥ ಡಬ್ಬಿಯನ್ನು ಊರಿನ ಪ್ರತಿ ದಿಕ್ಕಿನ ಸಾಲಿನ ಕೊನೆಯ ಮನೆಯಲ್ಲಿ ಇಟ್ಟರು. ಹನ್ನೂರ ರಸ್ತೆಯ ಕಡೆಯ ಸಾಲು ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ತೊಂದರೆಯದ್ದು. ಅಲ್ಲಿ ಕೊನೆಯ ಮನೆ ನಮ್ಮ ಮಾವಶಿಯದು, ಅಂದರೆ ನನ್ನ ಅವ್ವನ ತಂಗಿಯದು. ಸ್ವಂತದವರೇ ಇದ್ದಾರೆ, ಡಬ್ಬಿಯನ್ನು ಜೋಪಾನವಾಗಿ ನೋಡಿಕೊಳ್ಳುತ್ತಾರೆ ಎಂದು ಇಬ್ಬರೂ ಹಿಗ್ಗಿದೆವು.

ಮಿತಿಯನ್ನು ಗಂಡ ಬಹಳ ಬಿಗಿಯಾಗಿ ಇಟ್ಟಿದ್ದರು. ದೀಪಾವಳಿಯ ಭಯ ಅದು. ಗಿರಣಿಯವರು ಮೋಟಾರು ಚಾಲೂ ಮಾಡಿದರೆ ಗಂಟೆ. ತೋಟದ ಪಂಪುಗಳು ಶುರುವಾದರೆ ಗಂಟೆ. ಮೋಡ ಗುಡುಗಿದರೂ ಗಂಟೆ. ಬಾರಿಸಿದಾಗಲೆಲ್ಲ ಇವರು ಸ್ಕೂಟರ್ ಹತ್ತಿ, ಹನ್ನೂರ ರಸ್ತೆಗೆ ಓಡಿ, ಮೊದಲು ಮಾವಶಿಯ ಮನೆಗೆ ನುಗ್ಗಿ ಡಬ್ಬಿ ನೋಡುವುದು. ಅಷ್ಟರಲ್ಲಿ ವೋಲ್ಟೇಜು ಏರಿ ಚಿತ್ರ ತಾನೇ ಸರಿಹೋಗಿರುತ್ತಿತ್ತು. ತಿರುಗಿ ಬಂದವರ ಬಾಯಿಂದ ಯಾಲಕ್ಕಿಯ ವಾಸನೆ ಬರುತ್ತಿತ್ತು.

“ಮತ್ತ ಶಿರಾ ತಿಂದು ಬಂದ್ರೇನ್ರಿ?”

“ಮಾವಶಿ ಬಿಡಬೇಕಲ್ಲ! ಅಳಿಯಂದ್ರು ಬರೇ ಬಾಯಿಲೆ ಹೋಗಬಾರದು ಅಂತ ಬಾಗಲದಾಗ ನಿಂತುಬಿಡ್ತಾರ.”

ಅಳಿಯ ಮನೆಗೆ ಬಂದರೆ ಕಾಲಿಗೆ ನೀರು ಕೊಡಬೇಕು, ಸಿಹಿ ಮಾಡಿ ಬಡಿಸಬೇಕು. ನಮ್ಮಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ, ಹುಟ್ಟುತ್ತಲೇ ಬಂದಿರುತ್ತದೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವ ಅಳಿಯನಿಗಾಗಿ ಆದ ಪದ್ಧತಿ ಅದು. ಗಂಟೆ ಬಾರಿಸಿದಾಗಲೆಲ್ಲ ಓಡಿ ಬರುವ ಅಳಿಯನ ಬಗ್ಗೆ ಹಿರಿಯರು ಯೋಚಿಸಿರಲಿಲ್ಲ. ಇವರ ಅಂಗಿಯ ಗುಂಡಿಗಳು ಬಿಗಿಯಾಗತೊಡಗಿದವು. ನಾನು ಚೇಷ್ಟೆ ಮಾಡಿದೆ, ಇವರು ಮುಖ ಊದಿಸಿದರು.

ಆಮೇಲೆ ಒಮ್ಮಿಂದೊಮ್ಮೆ ಹನ್ನೂರ ರಸ್ತೆಯ ಗಂಟೆ ನಿಂತುಹೋಯಿತು. ಒಂದು ದಿನ ಇಲ್ಲ, ಮರುದಿನವೂ ಇಲ್ಲ. ಮಳೆ ಬಂದು ಹೋದರೂ ಇಲ್ಲ. ಇವರು ಮತ್ತೆ ಸಿಳ್ಳೆ ಹಾಕತೊಡಗಿದರು. “ಹೊಸ ಬೂಸ್ಟರ್ ಹಾಕಿದ್ನಲ್ಲ, ಅದರ ಕಮಾಲ್ ನೋಡು,” ಎಂದರು. ನಾನೂ ನಂಬಿದೆ. ಸಮಾಧಾನದ ಸುದ್ದಿಯನ್ನು ಯಾರು ತಾನೇ ಪರೀಕ್ಷಿಸಲು ಹೋಗುತ್ತಾರೆ?

ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಮಾವಶಿಯ ಮನೆಗೆ ಹೋದೆ. ಗಲ್ಲಿಯ ಬಾಯಿಯಲ್ಲೇ ತಲೆಯೆತ್ತಿ ನೋಡಿದೆ. ಮಾವಶಿಯ ಎದುರುಮನೆಯ ಕಿಟಕಿಗೆ ಒಂದು ಹೊಸ ಬಿಳಿ ತಂತಿ ಹೋಗಿತ್ತು. ನಮ್ಮದು ಕಪ್ಪು. ಅದರಾಚೆಯ ಮನೆಗೂ ಬಿಳಿಯದು. ಪೇಟೆಯ ಕಡೆ ಹೊಸದಾಗಿ ಶುರುಮಾಡಿದ ಇನ್ನೊಬ್ಬ ಕೇಬಲ್ಲಿನವನು ಇಲ್ಲಿಯವರೆಗೆ ಬಂದಿದ್ದ. ಒಳಗೆ ಹೋದರೆ ಮಾವಶಿ ನಗುನಗುತ್ತ ಟೀವಿಯ ಮುಂದೆ ಕೂತಿದ್ದಳು. ಪರದೆಯ ಮೇಲೆ ಇರುವೆಗಳ ಜಾತ್ರೆ. ಯಾರ ಮುಖವೂ ಕಾಣುತ್ತಿರಲಿಲ್ಲ.

“ಮಾವಶಿ, ಇದೇನಿದು! ಎಷ್ಟು ದಿನದಿಂದ ಹಿಂಗದ?”

“ಇರ್ಲಿ ಬಿಡು ಯವ್ವಾ, ದನಿ ಛಂದ ಕೇಳತದ. ಬಾ, ಕೂಡು, ಕುಂಕುಮ ಹಚ್ಚತೀನಿ.”

“ಗಂಟಿ ಯಾಕ ಬಾರಸವಲ್ದು ಮತ್ತ?”

ಮಾವಶಿ ಕುಂಕುಮದ ಬಟ್ಟಲು ಹುಡುಕುವ ನೆಪದಲ್ಲಿ ಅತ್ತ ತಿರುಗಿದಳು. ನಾನು ಎದ್ದು ಡಬ್ಬಿ ನೋಡಿದೆ. ಮಿತಿಯ ಸ್ಕ್ರೂ ಆ ತುದಿಯವರೆಗೆ ತಿರುಗಿ ಕೂತಿತ್ತು. ಚಿತ್ರ ಪೂರ್ತಿ ಸತ್ತುಹೋದರೂ ಬಾರಿಸದ ಹಾಗೆ. ಪಕ್ಕದಲ್ಲೇ ಹೊಲಿಗೆ ಯಂತ್ರದ ಸಣ್ಣ ಸ್ಕ್ರೂಡ್ರೈವರ್ ಇತ್ತು.

“ನೀನ ತಿರುವಿದಿಯೇನು?”

“ಅಳಿಯಂದ್ರ ಒಂದಿನ ಶಿರಾ ತಿನ್ಕೋತ ತೋರಿಸಿದ್ರು ಯವ್ವಾ, ಈ ಕಡಿ ತಿರುವಿದ್ರ ಬಾರಸತದ, ಆ ಕಡಿ ತಿರುವಿದ್ರ ಮಲಗತದ ಅಂತ. ಪಾಪ, ಉಣ್ಣೋ ಹೊತ್ತಿನಾಗ ಎದ್ದು ಬಿಸಲಾಗ ಓಡಿ ಬರೋರು. ಒಮ್ಮೊಮ್ಮೆ ನನ್ನ ಮನ್ಯಾಗ ರವಾ ಇರಂಗಿಲ್ಲ. ಬರೇ ಚಹಾ ಕೊಟ್ಟು ಕಳಿಸಿದ್ರ ನಿಮ್ಮವ್ವ ನನಗ ಏನಂದಾಳು? ಅದಕ್ಕ, ಅವರಿಗೂ ತ್ರಾಸ ಬ್ಯಾಡ, ನನಗೂ ಬ್ಯಾಡ ಅಂತ...”

ನನಗೆ ಅಳು, ನಗು, ಸಿಟ್ಟು ಎಲ್ಲ ಒಟ್ಟಿಗೇ ಬಂದವು. ಅವಳು ಇನ್ನೊಂದು ಮಾತು ಸೇರಿಸಿದಳು. “ನಿಮ್ಮ ಮಾವನೋರು ಮಳಿಗಾಲದಾಗ ಬಂದಾಗೂ ಹಿಂಗ ಇತ್ತು. ಭಾಳ ಹೊತ್ತು ನೋಡಿ, ‘ಛಲೋ ಅದ’ ಅಂದು ಹ್ವಾದ್ರು. ದೊಡ್ಡ ಮನಷ್ಯಾರು.” ಆಗ ನನಗೆ ಆ ಫೋನಿನ ಅರ್ಥ ಆಯಿತು. ಮಾವನವರು ಬೀಗರ ಮನೆಯಲ್ಲಿ ಕೂತು ಇರುವೆ ನೋಡಿದ್ದರು. ಭಿಡೆಗೆ ಬಾಯಿ ಬಿಡದೆ ಎದ್ದು ಹೋಗಿ, ಊರಿನಲ್ಲಿ ಕೂತು ತೀರ್ಮಾನ ಮಾಡಿದ್ದರು. ಬಿಳಿ ತಂತಿ ಎಳೆಸಿಕೊಂಡ ನೆರೆಮನೆಯವರು ಮಾಡಿದ್ದೂ ಅದನ್ನೇ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮೊದಲು ಡಬ್ಬಿಯ ಪರವಾಗಿ ವಾದಕ್ಕೆ ನಿಂತರು. “ಮಶೀನ್‌ದಾಗ ಏನೂ ತಪ್ಪಿಲ್ಲ.”

“ಮಶೀನ್ ಛಲೋನ ಅದರಿ. ಅದನ್ನ ಶಿರಾ ಮಾಡೋ ಮನ್ಯಾಗ ಇಟ್ಟೀರಿ, ಅದು ತಪ್ಪು. ಸುಮ್ಮಸುಮ್ಮನ ಬಾರಸೋ ಹಂಗ ಇಟ್ಟೀರಿ, ಅದೂ ತಪ್ಪು. ಸುಳ್ಳು ಗಂಟಿ ಕೇಳಿ ಕೇಳಿ ನಾನ ಒಂದಿನ ತಂತಿ ಕಿತ್ತು ಒಗೀತಿದ್ದೆ.”

ಜಗಳ ಸ್ವಲ್ಪ ಹೊತ್ತು ನಡೆಯಿತು. ಗೆದ್ದವಳು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ. ದೀಪಾವಳಿ ದೂರವಿರಲಿಲ್ಲ. ಮಿತಿಯನ್ನು ಹೊಸದಾಗಿ ಗೊತ್ತುಮಾಡಬೇಕಿತ್ತು. ಎಲ್ಲಿಯವರೆಗೆ ಇಳಿದರೆ ನಡೆಯುತ್ತದೆ, ಎಲ್ಲಿಂದ ಕೆಳಗೆ ಇಳಿದರೆ ಓಡಬೇಕು? ಇದನ್ನು ನೋಡುವವರನ್ನೇ ಕೇಳೋಣ ಎಂದೆ. ಮಧ್ಯಾಹ್ನ ಮಾವಶಿಯ ಮನೆಯಲ್ಲಿ ಗಲ್ಲಿಯ ಹೆಂಗಸರು ಕೂಡಿ, ಮೊರದಲ್ಲಿ ಅಕ್ಕಿ ಆರಿಸುತ್ತಾ, ಮೆಂತ್ಯೆ ಸೊಪ್ಪು ಬಿಡಿಸುತ್ತಾ ಟೀವಿ ನೋಡುವ ರೂಢಿ. ಗಂಡ ಮೊದಲು ಸಾಲನ್ನು ಸರಿಮಾಡಿ, ಆಮೇಲೆ ಹೊರಗೆ ನಿಂತು ಕೇಬಲ್ಲಿಗೆ ಜೋಡಿಸಿದ ಒಂದು ಗುಂಡಿಯನ್ನು ತಿರುವಿ ಚಿತ್ರದ ಶಕ್ತಿಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಒಳಗೆ ನಾನು ಕೇಳಿದೆ.

“ಈಗ ನಡೀತದೇನ್ರಿ?”

“ನಡೀತದ ಬಿಡವ್ವಾ.”

“ಈಗ?”

“ಏನಾಗೂದಿಲ್ಲ ಬಿಡವ್ವಾ, ಕಾಣತದ.”

ಪರದೆಯ ಮೇಲೆ ಮನುಷ್ಯರು ಕಾಣದಂತಾದರೂ ‘ಕಾಣತದ’ ಎಂದೇ ಉತ್ತರ. ನನ್ನ ತಲೆ ಕೆಟ್ಟಿತು. ಇವರನ್ನು ಕೇಳುವುದೂ ಒಂದೇ, ಗೋಡೆಯನ್ನು ಕೇಳುವುದೂ ಒಂದೇ ಎಂದು ಬೈಯಲು ಬಾಯಿ ತೆರೆದವಳು ಅವರ ಕೈಗಳನ್ನು ನೋಡಿ ಸುಮ್ಮನಾದೆ. ಎಲ್ಲರ ಕೈಗಳೂ ಚುರುಕಾಗಿ ಓಡುತ್ತಿದ್ದವು. ಸ್ವಲ್ಪ ಮುಂಚೆ ಹಾಗಿರಲಿಲ್ಲ. ಚಿತ್ರ ಚೆನ್ನಾಗಿದ್ದಾಗ ಅಕ್ಕಿ ಮೊರದಲ್ಲೇ ಇತ್ತು, ಸೊಪ್ಪಿನ ಕಟ್ಟು ಬಿಚ್ಚಿದ್ದು ಬಿಚ್ಚಿದಂತೆಯೇ ಇತ್ತು, ಕಣ್ಣೆಲ್ಲ ಪರದೆಯ ಮೇಲೆ. ಚಿತ್ರ ಕೆಟ್ಟ ಕೂಡಲೆ ಕಣ್ಣು ಮೊರಕ್ಕೆ ಇಳಿದು ಕೈ ಕೆಲಸ ಶುರುಮಾಡಿತ್ತು. ಬಾಯಿಗೆ ಭಿಡೆಯಿತ್ತು, ಕೈಗೆ ಇರಲಿಲ್ಲ.

ನಾನು ಬಾಗಿಲಿಗೆ ಬಂದು ನಿಂತೆ. ಕೇಳುವುದನ್ನು ಬಿಟ್ಟು ಬರೀ ಕೈಗಳನ್ನು ನೋಡಿದೆ. ಗಂಡನಿಗೆ ಮತ್ತೆ ಮೇಲಿನಿಂದ ಇಳಿಸಲು ಹೇಳಿದೆ. ಕೈಗಳು ನಿಂತವು, ನಿಂತೇ ಇದ್ದವು, ಮಾವಶಿಯ ಬೆರಳು ಅಕ್ಕಿಯೊಳಗೆ ಹೋಯಿತು. “ಅಲ್ಲೇ ನಿಲ್ಲಸ್ರಿ!” ಎಂದು ಕೂಗಿದೆ. ಬೇರೆ ಬೇರೆ ಮಧ್ಯಾಹ್ನ, ಬೇರೆ ಬೇರೆ ಕಾರ್ಯಕ್ರಮಗಳಲ್ಲಿ ಮತ್ತೆ ಮತ್ತೆ ನೋಡಿದೆವು. ಸಿನೆಮಾ ಹಾಡಿದ್ದರೆ ಸ್ವಲ್ಪ ಹೆಚ್ಚು ಸಹಿಸುತ್ತಿದ್ದರು, ವಾರ್ತೆಯಿದ್ದರೆ ಬೇಗ ಅಕ್ಕಿಗೆ ಇಳಿಯುತ್ತಿದ್ದರು. ಆದರೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಆ ಜಾಗವೇ ಗಂಟೆಯ ಮಿತಿ ಆಯಿತು. ಅದಕ್ಕಿಂತ ಸ್ವಲ್ಪ ಮೇಲೆ ಇನ್ನೊಂದು ಮಿತಿ. ಅಲ್ಲಿಗೆ ಇಳಿದರೆ ಗಂಟೆಯಿಲ್ಲ, ಬರೀ ಹಳದಿ ಬಲ್ಬು. ಬಲ್ಬು ಹತ್ತಿದರೆ ಅವತ್ತು ಬಿಡುವಾದಾಗ ಹೋಗಿ ನೋಡುವುದು. ಗಂಟೆ ಬಾರಿಸಿದರೆ ಕೈತೊಳೆದು ಏಳುವುದು. ಅದೂ ಕ್ಷಣಮಾತ್ರ ಇಳಿದು ಏರಿದರೆ ಬಾರಿಸಬಾರದು, ಒಲೆಯ ಮೇಲಿಟ್ಟ ಹಾಲು ಉಕ್ಕಿ ಬರುವಷ್ಟು ಹೊತ್ತು ಇಳಿದೇ ಇದ್ದರೆ ಮಾತ್ರ ಬಾರಿಸಬೇಕು ಎಂದೆ. ಗಂಡ ಏನೋ ಒಂದು ದಪ್ಪ ಬಿಡಿಭಾಗ ಸೇರಿಸಿ ಅದನ್ನೂ ಮಾಡಿದರು.

ಇನ್ನು ಡಬ್ಬಿಯ ಜಾಗ. ಮಾವಶಿಯ ಮನೆಗೆ ಹೋಗುವ ತಿರುವಿನಲ್ಲಿ ಒಂದು ಸಲೂನು ಇತ್ತು. ಅಲ್ಲಿಗೂ ನಮ್ಮದೇ ಕೇಬಲ್, ಸಾಲಿನ ಕೊನೆಗೂ ಹತ್ತಿರ. ಅಲ್ಲಿ ಯಾರೂ ನಮಗೆ ನೆಂಟರಲ್ಲ, ಯಾರೂ ಶಿರಾ ಮಾಡುವುದಿಲ್ಲ. ಡಬ್ಬಿಯನ್ನು ಅಲ್ಲಿಯ ಕನ್ನಡಿಯ ಮೇಲೆ ಏರಿಸಿದೆವು. ಸ್ಕ್ರೂ ಮತ್ತೆ ತಿರುಗದಂತೆ ನನ್ನ ಮದುವೆಯ ಉಗುರುಬಣ್ಣದ ಒಂದು ಹನಿಯನ್ನು ಅದರ ಮೇಲೆ ಬಿಟ್ಟೆವು. ಡಬ್ಬಿ ತೆಗೆದ ದಿನ ಮಾವಶಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಳಿಯಂದ್ರು ಇನ್ನ ಮನೀಗಿ ಬರಂಗಿಲ್ಲೇನು?”

“ಬರ್ತೀನ್ರಿ ಮಾವಶಿ. ಹಬ್ಬಕ್ಕ ಬರ್ತೀನಿ,” ಎಂದರು ಇವರು. ಅವಳ ಮುಖದಲ್ಲಿ ಬೇಸರ ಎಷ್ಟಿತ್ತೋ ನಿರಾಳವೂ ಅಷ್ಟೇ ಇತ್ತು.

ದೀಪಾವಳಿಯ ಮುನ್ನಾದಿನ ಬೆಳಿಗ್ಗೆಯ ಬಸ್ಸಿಗೆ ಮಾವನವರು ಬಂದಿಳಿದರು. ಕೈಯಲ್ಲಿ ನಮ್ಮಿಬ್ಬರಿಗೂ ಹೊಸ ಬಟ್ಟೆ. ಅಂಗಡಿಯ ಮಾತು ಎತ್ತಲಿಲ್ಲ. ಊಟಕ್ಕೆ ಕೂತಾಗ ಹಲಗೆಯ ಮೇಲೆ ಹಳದಿ ಬಲ್ಬು ಹತ್ತಿತು. ಗಂಡ ನೋಡಿದರು, ಮತ್ತೆ ರೊಟ್ಟಿ ಮುರಿದರು. ಮಾವನವರ ಕಣ್ಣು ಬಲ್ಬಿನ ಮೇಲೇ ಇತ್ತು. ಅದು ಏನು ಎಂದು ನಾನು ಹೇಳುತ್ತಿದ್ದಂತೆ ಗಂಟೆಯೂ ಬಾರಿಸಿತು. ಹನ್ನೂರ ರಸ್ತೆಯದು. ಗಂಡ ತಾಟಿನಲ್ಲೇ ಕೈತೊಳೆದು ಎದ್ದರು. ಮಾವನವರೂ ಎದ್ದರು. “ತಡಿ, ನಾನೂ ಬರ್ತೀನಿ,” ಎಂದು ಸ್ಕೂಟರಿನ ಹಿಂದೆ ಕೂತು ಹೊರಟೇಬಿಟ್ಟರು.

ನಾನು ಆ ಗಂಟೆಯ ಮುಂದೆ ಒಬ್ಬಳೇ ಉಳಿದೆ. ಅದು ಬಾರಿಸುತ್ತಲೇ ಇತ್ತು. ಬೇರೆ ದಿನ ಆಗಿದ್ದರೆ ಕೆಲಸ ಮಾಡಿಕೊಂಡಿರುತ್ತಿದ್ದೆ. ಅಂದು ಎಂಜಲು ತಾಟು ಎತ್ತಲೂ ಕೈ ಬರಲಿಲ್ಲ. ಇವರು ದಾರಿಯಲ್ಲಿ ಏನು ಮಾತಾಡಿಕೊಳ್ಳುತ್ತಿರಬಹುದು, ಗಾದಿಯ ಮಾತು ಬಂದಿತೇ, ಡಿಶ್ ಯಾರಿಗೆ ಮಾರುವುದೆಂಬ ಮಾತು ಬಂದಿತೇ? ಕೊನೆಗೆ ಗಂಟೆ ನಿಂತಿತು. ಬಲ್ಬೂ ಆರಿತು. ಸರಿಮಾಡಿದರು ಎಂದು ತಿಳಿಯಿತು. ಆದರೆ ನನಗೆ ಬೇಕಾದ ಸುದ್ದಿಯನ್ನು ಹೇಳುವ ಗಂಟೆ ಆ ಹಲಗೆಯ ಮೇಲೆ ಇರಲಿಲ್ಲ.

ಅವರು ಬಂದಾಗ ಗಂಡನ ಅಂಗಿಗೆ ಕಂಬದ ಧೂಳು ಹತ್ತಿತ್ತು. ಹಬ್ಬದ ದೀಪದ ಸರ ಕಟ್ಟುವಾಗ ಯಾರೋ ಬೂಸ್ಟರಿನ ತಂತಿ ಜಗ್ಗಿದ್ದರಂತೆ. ಮಾವನವರು ಕುರ್ಚಿಯಲ್ಲಿ ಕೂತು ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು.

“ಇವ ಕಂಬದ ಕಡಿ ಹ್ವಾದ. ನಾ ಆ ಸಲೂನಿನಾಗ ಕೂತಿದ್ದೆ,” ಎಂದು ನನಗೆ ಹೇಳಿದರು. “ಅಲ್ಲಿ ದಾಡಿಗೆ ಕೂತಾವ ಒಬ್ಬ ಅಂದ, ಚಿತ್ರ ಹೋಗ್ಯದ, ಆದ್ರ ಹೇಳಾಕ ಹೋಗೋದ ಬ್ಯಾಡ, ಕೇಬಲ್‌ನೋರು ತಾವಾಗೇ ಬರ್ತಾರ ಅಂತ. ನಾ ಯಾರು ಅಂತ ಅವಗ ಗೊತ್ತಿದ್ದಿಲ್ಲ. ಅವನ ಗಡ್ಡಾ ಮುಗಿಯೋದ್ರಾಗ ಚಿತ್ರ ಬಂತು.” ಟೊಪ್ಪಿಗೆಯನ್ನು ಮತ್ತೆ ತಲೆಗೆ ಏರಿಸಿದರು. “ಅಂಗಡ್ಯಾಗ ನಮ್ಮ ಅಣ್ಣನ ಮಗನ್ನ ಕೂಡಸ್ತೀನಿ. ನೀವು ಇಲ್ಲೇ ಇರ್ರಿ.”

ಗಂಡ ಹೊಸ್ತಿಲ ಮೇಲೆ ಕೂತುಬಿಟ್ಟರು. ನಾನು ಚಹಾ ಮಾಡುವ ನೆಪದಲ್ಲಿ ಒಲೆಯ ಕಡೆ ತಿರುಗಿ ಚೆನ್ನಾಗಿ ಅತ್ತೆ. ಹಿಂದಿನಿಂದ ಸಣ್ಣಗೆ ಸಿಳ್ಳೆ ಕೇಳಿಸಿತು, ತಂದೆ ಎದುರಿಗಿದ್ದಾರೆಂದು ನೆನಪಾಗಿ ತಟ್ಟನೆ ನಿಂತಿತು.

ಮದುವೆಯಾದಂದಿನಿಂದ ಮಾವನವರಿಗೆ ನಾನು ಎಷ್ಟೋ ಸಲ ಚಹಾ ಕೊಟ್ಟಿದ್ದೇನೆ. ಪ್ರತಿಸಲವೂ ‘ಛಲೋ ಆಗ್ಯದ’ ಎಂದು ಅರ್ಧ ಕುಡಿದು ಅರ್ಧ ಬಿಟ್ಟು ಏಳುತ್ತಿದ್ದರು. ಅವರು ಕುಡಿಯುವುದೇ ಅಷ್ಟು ಎಂದು ನಾನು ತಿಳಿದಿದ್ದೆ. ಅಂದು ಒಂದು ಗುಟುಕು ಕುಡಿದು, ಕಪ್ಪನ್ನು ಬಸಿಯ ಮೇಲಿಟ್ಟು, ನನ್ನ ಮುಖ ನೋಡದೆ ಹೇಳಿದರು.

“ಸಕ್ಕರಿ ಕಡಿಮಿ ಅದ.”

ನನ್ನ ಕೈಯಡುಗೆಗೆ ಯಾರಾದರೂ ಕೊಂಕು ತೆಗೆದರೆ ನಾನು ಸುಮ್ಮನಿರುವವಳಲ್ಲ. ಅಂದು ಮಾತ್ರ ಓಡಿಹೋಗಿ ಸಕ್ಕರೆಯ ಡಬ್ಬಿಯನ್ನೇ ತಂದು ಅವರ ಮುಂದೆ ಇಟ್ಟೆ. ಬೇಕಾದಷ್ಟು ಹಾಕಿಕೊಂಡು, ಕಲಸಿ, ಮಾವನವರು ಕಪ್ಪು ಖಾಲಿ ಮಾಡಿದರು.